ಪಟ್ಟಣದ ಊಟದ ಯೋಜನೆಗಳು: ಲೆಕ್ಕ ಕೇಳುವವರಲ್ಲಿ ರೈತರೂ ಇರಲಿ

ಕೊಪ್ಪಳ ಜಿಲ್ಲೆಯ ಬೇಸಾಯಕ್ಕೆ ಎರಡು ಮುಖಗಳಿರುವುದು ಓದುಗರಿಗೆ ತಿಳಿದ ವಿಷಯವೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ ಭಾಗಗಳಿಗೆ ಭತ್ತದ ಕಣಜವೆಂಬ ಹೆಸರಿದೆ. ಕಾಲುವೆಯ ಅಂಚು ದಾಟಿ ಕನಕಗಿರಿಯತ್ತ ಹೊರಟರೆ ಮಳೆಯನ್ನೇ ನಂಬಿದ ಹೊಲಗಳು ಆರಂಭವಾಗುತ್ತವೆ. ಅಲ್ಲಿ ಸಜ್ಜೆ, ತೊಗರಿ. ಅತ್ತ ಕುಷ್ಟಗಿ, ಯಲಬುರ್ಗಾದ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಹಳೆಯ ಮಾತು ಕನಕಾಚಲಪತಿ ಗುಡಿಯ ಶಿಲ್ಪವನ್ನು ಕುರಿತದ್ದು. ಕಣ್ಣಿದ್ದವರಿಗೆ ಅದೇ ಕನಕಗಿರಿಯಲ್ಲಿ ಬೆಳಗಿನ ಬಸ್ಸು ಹಿಡಿದು ಪಟ್ಟಣಕ್ಕೆ ಕೂಲಿಗೆ ಹೊರಟ ರೈತರೂ ಕಾಣುತ್ತಾರೆ.

ಈ ಎರಡು ಸೀಮೆಗಳು ಕೂಡುವ ಸ್ಥಳಗಳೆಂದರೆ ಗಂಗಾವತಿ ಮತ್ತು ಕೊಪ್ಪಳ ಪಟ್ಟಣಗಳು. ಕಾಲುವೆ ಭಾಗದ ಭತ್ತವು ಗಿರಣಿಗಳಲ್ಲಿ ಅಕ್ಕಿಯಾಗಿ ಹೊರ ಜಿಲ್ಲೆ, ಹೊರ ರಾಜ್ಯಗಳಿಗೆ ಹೋಗುತ್ತದೆ. ಒಣಬೇಸಾಯದ ಭಾಗದಿಂದ ಧಾನ್ಯವೂ ಬರುತ್ತದೆ, ಸುಗ್ಗಿ ಮುಗಿದ ಮೇಲೆ ಜನರೂ ಬರುತ್ತಾರೆ. ಹಮಾಲಿ, ಗೌಂಡಿ ಕೆಲಸ, ಕಾರ್ಖಾನೆಯ ದಿನಗೂಲಿ ಹೀಗೆ ಸಿಕ್ಕಿದ್ದನ್ನು ಮಾಡುತ್ತಾರೆ. ಅಲ್ಲಿಯೂ ಸಿಗದವರು ಬೆಂಗಳೂರು, ಮಂಗಳೂರು, ಗೋವೆಯ ದಾರಿ ಹಿಡಿಯುತ್ತಾರೆ. ಹೀಗೆ ಬಂದವರು ಮಧ್ಯಾಹ್ನ ಎಲ್ಲಿ ಉಣ್ಣುತ್ತಾರೆ, ಅವರ ಮಕ್ಕಳ ತಟ್ಟೆಗೆ ಏನು ಬೀಳುತ್ತದೆ ಎಂಬ ಪ್ರಶ್ನೆ ಕೃಷಿ ಪತ್ರಿಕೆಗೆ ಸಂಬಂಧಿಸಿದ್ದಲ್ಲವೆಂದು ಕೆಲವರಿಗೆ ಅನಿಸಬಹುದು. ಆದರೆ ಆ ತಟ್ಟೆಗೆ ಮಾಲು ಒದಗಿಸಬಲ್ಲವನೂ ರೈತನೇ, ಬರ ಬಿದ್ದ ವರ್ಷ ಆ ಸಾಲಿನಲ್ಲಿ ನಿಲ್ಲುವವನೂ ರೈತನೇ. ಆದ್ದರಿಂದ ಪಟ್ಟಣದ ಊಟದ ಯೋಜನೆಗಳು ಸರಿಯಾಗಿ ನಡೆಯುತ್ತಿವೆಯೇ, ಒಂದಕ್ಕೊಂದು ಹೊಂದಿಕೊಂಡಿವೆಯೇ ಎಂದು ವಿಚಾರಿಸುವುದು ನಮ್ಮ ಕೆಲಸವೂ ಹೌದು.

ಒಂದೇ ಊರಿನಲ್ಲಿ ಎಷ್ಟು ಒಲೆಗಳು

ಇಂದು ಜಿಲ್ಲೆಯ ಯಾವುದೇ ಪಟ್ಟಣದಲ್ಲಿ ಸಾರ್ವಜನಿಕರ ಹಣದಿಂದ ಅಥವಾ ಸಾರ್ವಜನಿಕರ ದಾನದಿಂದ ನಡೆಯುವ ಊಟದ ವ್ಯವಸ್ಥೆಗಳು ಐದಾರಾದರೂ ಸಿಗುತ್ತವೆ. ಮೊದಲನೆಯದು ನ್ಯಾಯಬೆಲೆ ಅಂಗಡಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 5 ಕಿಲೋ ಧಾನ್ಯ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ. ಅದೇ ವರ್ಷ ಜುಲೈ 10ರಂದು ರಾಜ್ಯದಲ್ಲಿ ಅನ್ನಭಾಗ್ಯ ಆರಂಭವಾಯಿತು. 2023ರ ಜುಲೈಯಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ಹಣ ನೀಡಲಾಯಿತು; 2025ರಲ್ಲಿ ಹಣದ ಬದಲು ಮತ್ತೆ ಅಕ್ಕಿಯನ್ನೇ ಕೊಡಲು ಆರಂಭಿಸಲಾಯಿತು.

ಎರಡನೆಯದು ಶಾಲೆಯ ಬಿಸಿಯೂಟ. ಬೇಯಿಸಿದ ಊಟವನ್ನೇ ಮಕ್ಕಳಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆಜ್ಞೆ ಮಾಡಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹವು 2002ರ ಜೂನ್‌ನಲ್ಲಿ ಮೊದಲು ಏಳು ಜಿಲ್ಲೆಗಳಲ್ಲಿ ಆರಂಭವಾಯಿತು. ಆ ಏಳರಲ್ಲಿ ಕೊಪ್ಪಳವೂ ಒಂದು. ಅಂಗನವಾಡಿ ಅಕ್ಷರ ದಾಸೋಹಕ್ಕಿಂತ ಹಳೆಯದು, 1975ರದು. 2017ರ ಅಕ್ಟೋಬರ್ 2ರಿಂದ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಲ್ಲಿಯೇ ಒಂದು ಹೊತ್ತಿನ ಪೂರ್ಣ ಊಟ ನೀಡುವ ಮಾತೃಪೂರ್ಣ ಯೋಜನೆ ಸೇರಿಕೊಂಡಿತು. ಅದೇ ವರ್ಷ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ತೆರೆದ ಇಂದಿರಾ ಕ್ಯಾಂಟೀನು, 5 ರೂಪಾಯಿಗೆ ಉಪಾಹಾರ ಮತ್ತು 10 ರೂಪಾಯಿಗೆ ಊಟ ಎಂಬ ಲೆಕ್ಕದಲ್ಲಿ, ಮರು ವರ್ಷದಿಂದ ಹೊರಗಿನ ಪಟ್ಟಣಗಳಿಗೂ ಬಂದಿತು. ಇವಲ್ಲದೆ ವಿದ್ಯಾರ್ಥಿ ನಿಲಯಗಳಿವೆ, ಮಠಗಳ ದಾಸೋಹಗಳಿವೆ.

ಇಷ್ಟೆಲ್ಲ ಇರುವುದು ಸಂತೋಷದ ವಿಷಯ. ಆದರೆ ನ್ಯಾಯಬೆಲೆ ಅಂಗಡಿ ಆಹಾರ ಇಲಾಖೆಗೆ ಸೇರಿದ್ದು, ಬಿಸಿಯೂಟ ಶಿಕ್ಷಣ ಇಲಾಖೆ ಮತ್ತು ಪಂಚಾಯತಿಗೆ, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಗೆ, ಕ್ಯಾಂಟೀನು ನಗರಸಭೆಗೆ. ಒಂದೇ ಓಣಿಯ ಒಂದೇ ಮನೆಗೆ ನಾಲ್ಕು ಕಚೇರಿಗಳು ಉಣಬಡಿಸುತ್ತಿದ್ದರೂ ಒಬ್ಬರು ಬಡಿಸಿದ್ದು ಇನ್ನೊಬ್ಬರಿಗೆ ತಿಳಿಯದು. ಒಂದೇ ಹೊಲದಲ್ಲಿ ನಾಲ್ವರು ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಹೇಳದೆ ಗೊಬ್ಬರ ಹಾಕಿದರೆ ಒಂದು ಮೂಲೆಗೆ ಎರಡು ಸಲ ಬೀಳುತ್ತದೆ, ಇನ್ನೊಂದು ಮೂಲೆಗೆ ಬೀಳುವುದೇ ಇಲ್ಲ. ಇಲ್ಲಿಯೂ ಹಾಗೆಯೇ.

ಚೀಲ ಎಣಿಸಿದರೆ ಸಾಲದು

ಯೋಜನೆ ಹೇಗೆ ನಡೆದಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು ಬಗೆಯದು: ಇಷ್ಟು ಕ್ವಿಂಟಾಲು ಎತ್ತುವಳಿಯಾಗಿದೆ, ಅಥವಾ ಇಷ್ಟು ತಟ್ಟೆ ಊಟ ಬಡಿಸಲಾಗಿದೆ. ಲೆಕ್ಕಪತ್ರಕ್ಕೆ ಇವು ಬೇಕು, ಅನುಮಾನವಿಲ್ಲ. ಆದರೆ ಎಷ್ಟು ಚೀಲ ಬೀಜ ಬಿತ್ತಿದೆವೆಂದು ಹೇಳಿ ಇಳುವರಿಯ ಮಾತನ್ನೇ ಎತ್ತದ ರೈತನನ್ನು ಯಾರೂ ಒಳ್ಳೆಯ ಬೇಸಾಯಗಾರನೆನ್ನುವುದಿಲ್ಲ. ಸಾವಿರ ತಟ್ಟೆ ಬಡಿಸಿದ ಕಡೆ ಉಂಡವರು ಸಾವಿರ ಮಂದಿಯೇ, ಅಥವಾ ಐನೂರು ಮಂದಿ ಎರಡು ಸಲ ಉಂಡರೇ? ಅವರಲ್ಲಿ ಬೇರೆಲ್ಲೂ ಊಟ ಸಿಗದವರು ಎಷ್ಟು? ಬಾಗಿಲಿಗೆ ಬಂದು ತಿರುಗಿ ಹೋದವರು ಯಾರು? ತಟ್ಟೆಯ ಎಣಿಕೆ ಇದಕ್ಕೆ ಉತ್ತರ ಕೊಡದು.

ಮೂರು ವಿಷಯಗಳನ್ನು ಬಿಡಿಸಿ ನೋಡಬೇಕಾಗುತ್ತದೆ. ಯಾರಿಗೆ ತಲುಪಿತು ಎಂಬುದು ಒಂದು. ಆಹಾರ ಭದ್ರತಾ ಕಾಯಿದೆಯು ದೇಶದ ಗ್ರಾಮಾಂತರ ಜನರಲ್ಲಿ ಶೇ. 75ರಷ್ಟು, ಪಟ್ಟಣದವರಲ್ಲಿ ಶೇ. 50ರಷ್ಟು ಮಂದಿಯನ್ನು ಒಳಗೊಳ್ಳುವ ಮಿತಿಯನ್ನಿಟ್ಟಿತು. ಅದಕ್ಕೆ ಹಿಡಿದದ್ದು 2011ರ ಜನಗಣತಿ. ಆ ಮೇಲೆ ಪಟ್ಟಣಕ್ಕೆ ಬಂದು ನೆಲೆಸಿದ ಕುಟುಂಬಗಳು ಆ ಎಣಿಕೆಯಲ್ಲಿ ಪಟ್ಟಣದವರಲ್ಲ. ಕಾರ್ಡು ಊರಲ್ಲಿ, ಕುಟುಂಬ ಪಟ್ಟಣದಲ್ಲಿ ಇರುವವರು ಬಹಳ. 2020ರಿಂದ ಕರ್ನಾಟಕದ ಕಾರ್ಡನ್ನು ಬೇರೆ ರಾಜ್ಯದಲ್ಲಿಯೂ ಬಳಸುವ ಏರ್ಪಾಡಾಗಿದೆ. ಆದರೆ ಗೋವೆಯಲ್ಲಿ ಕಲ್ಲು ಹೊರುವ ಕನಕಗಿರಿಯ ಕೂಲಿಕಾರನಿಗೆ ಈ ಸಂಗತಿ ತಿಳಿದಿದೆಯೇ, ತಿಳಿದು ಹೋದಾಗ ಧಾನ್ಯ ಕೊಟ್ಟರೇ ಎಂಬುದನ್ನು ಅವನನ್ನೇ ಕೇಳಿ ತಿಳಿಯಬೇಕು.

ಯಾವಾಗ ತಲುಪಿತು ಎಂಬುದು ಎರಡನೆಯದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಹೊಟ್ಟೆಗೆ ರಜೆಯಿಲ್ಲ, ಶಾಲೆಗೆ ಇದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊಲದಲ್ಲಿ ಕೆಲಸವಿರುವುದಿಲ್ಲ, ಮನೆಯ ಧಾನ್ಯ ಕಡಿಮೆಯಾಗಿರುತ್ತದೆ, ತರಕಾರಿ ತುಟ್ಟಿಯಾಗಿರುತ್ತದೆ. ಸರಿಯಾಗಿ ಅದೇ ಕಾಲಕ್ಕೆ ಬಿಸಿಯೂಟವೂ ನಿಲ್ಲುತ್ತದೆ. 2023ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದಾಗ 2024ರ ಬೇಸಿಗೆ ರಜೆಯಲ್ಲಿಯೂ ಆ ತಾಲ್ಲೂಕುಗಳ ಶಾಲೆಗಳಲ್ಲಿ ಊಟ ಕೊಡುವ ವ್ಯವಸ್ಥೆಯಾಯಿತು. ಬರ ಸಾರದ ವರ್ಷದಲ್ಲಿಯೂ ಕೂಲಿಯವರ ಮನೆಯಲ್ಲಿ ಮೇ ತಿಂಗಳು ಮೇ ತಿಂಗಳೇ ಆಗಿರುತ್ತದೆ.

ಏನು ತಲುಪಿತು ಎಂಬುದು ಮೂರನೆಯದು. ಅಕ್ಕಿಯಿಂದ ಹಸಿವು ಇಂಗುತ್ತದೆ, ರಕ್ತಹೀನತೆ ಹೋಗುವುದಿಲ್ಲ. ನೂರು ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣದ ಅಂಶ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಜೋಳದಲ್ಲಿ ಸುಮಾರು 4, ಸಜ್ಜೆಯಲ್ಲಿ 6ಕ್ಕೂ ಮೇಲೆ. ಸಸಾರಜನಕವೂ ಅಕ್ಕಿಯಲ್ಲಿ ಸುಮಾರು 8 ಗ್ರಾಂ ಇದ್ದರೆ ಜೋಳದಲ್ಲಿ 10, ಸಜ್ಜೆಯಲ್ಲಿ 11ರ ಸಮೀಪ. ಕನಕಗಿರಿ, ಕುಷ್ಟಗಿಯ ಒಣಭೂಮಿ ಬೆಳೆಯುವುದು ಇದೇ ಜೋಳ ಸಜ್ಜೆಗಳನ್ನು. ಅಲ್ಲಿಂದ ಬಂದ ಕೂಲಿಯವನ ಮಗು ಪಟ್ಟಣದಲ್ಲಿ ಉಣ್ಣುವುದು ಅಕ್ಕಿಯನ್ನು.

ಮೊಟ್ಟೆಯ ಪಾಠ

ಪರೀಕ್ಷಿಸಿ ನೋಡುವುದೆಂದರೇನು ಎಂಬುದಕ್ಕೆ ನಮ್ಮ ಭಾಗದಲ್ಲಿಯೇ ಒಂದು ಉದಾಹರಣೆಯಿದೆ. 2021ರ ಡಿಸೆಂಬರಿನಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯಪುರ ಭಾಗದ ಶಾಲೆಗಳಲ್ಲಿ ಮಕ್ಕಳಿಗೆ ಬಿಸಿಯೂಟದೊಂದಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲಾರಂಭಿಸಿದರು. ಈ ಜಿಲ್ಲೆಗಳ ಮಕ್ಕಳಲ್ಲಿ ರಕ್ತಹೀನತೆ ಮತ್ತು ಅಪೌಷ್ಟಿಕತೆ ಹೆಚ್ಚೆಂಬುದು ಕಾರಣ. ವಿರೋಧವೂ ಬಂದಿತು. ಆಗ ನಮಗೆ ಮೊಟ್ಟೆ ಬೇಕೆಂದು ಗಂಗಾವತಿಯ ಶಾಲಾ ಬಾಲಕಿಯರು ಗಟ್ಟಿಯಾಗಿ ಹೇಳಿದ ಮಾತನ್ನು ರಾಜ್ಯವೆಲ್ಲ ಕೇಳಿತು. ಯೋಜನೆಯ ಬಗ್ಗೆ ಉಣ್ಣುವವರ ಅಭಿಪ್ರಾಯವನ್ನು ಮೊದಲು ಕೇಳಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮಾತಿನ ಮೇಲೆ ಬಿಡದೆ ತೂಕ ಹಾಕಿಯೂ ನೋಡಲಾಯಿತು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಕೊಟ್ಟ ಯಾದಗಿರಿ ಜಿಲ್ಲೆಯ ಮಕ್ಕಳನ್ನೂ ಆಗ ಇನ್ನೂ ಮೊಟ್ಟೆ ಕೊಡದಿದ್ದ ಗದಗ ಜಿಲ್ಲೆಯ ಮಕ್ಕಳನ್ನೂ ಹೋಲಿಸಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡುಬಂದಿತು. ಹೆಣ್ಣುಮಕ್ಕಳಲ್ಲಿ ಇದು ಎದ್ದು ಕಂಡಿತು. ನಮ್ಮ ರೈತರಿಗೆ ಈ ಕ್ರಮ ಹೊಸದಲ್ಲ. ಪ್ರಾತ್ಯಕ್ಷಿಕೆ ತಾಕಿನ ಪಕ್ಕದಲ್ಲಿ ಹೋಲಿಕೆಗೆಂದು ಹಳೆಯ ಪದ್ಧತಿಯ ತಾಕನ್ನು ಬಿಡುವುದಿಲ್ಲವೇ, ಅದೇ ಕ್ರಮ ಇದು. ಪಕ್ಕದ ತಾಕು ಇಲ್ಲದಿದ್ದರೆ ಇಳುವರಿ ಹೆಚ್ಚಿದ್ದು ಗೊಬ್ಬರದಿಂದಲೋ ಮಳೆಯಿಂದಲೋ ಹೇಳಲಾಗದು. ಅಧ್ಯಯನದ ಅವಧಿ ಕೆಲವೇ ತಿಂಗಳುಗಳದು, ಎರಡು ಜಿಲ್ಲೆಗಳ ಪರಿಸ್ಥಿತಿಯೂ ಒಂದೇ ಅಲ್ಲ ಎಂಬುದನ್ನು ಮರೆಯಬಾರದು. ಆದರೂ ಮುಂದೆ ಮೊಟ್ಟೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ವಾರಕ್ಕೆ ಆರು ದಿನವಾಯಿತು. ಕೋಳಿ ಸಾಕಣೆ ಮಾಡುವ ರೈತರು ಈ ಬೇಡಿಕೆಯನ್ನು ಗಮನಿಸಿರಬಹುದು. ಗಮನಿಸದಿದ್ದರೆ ಈಗಲೂ ತಡವಾಗಿಲ್ಲ.

ಗವಿಮಠದ ರೊಟ್ಟಿ

ಯೋಜನೆಗಳನ್ನು ಒಂದಕ್ಕೊಂದು ಹೊಂದಿಸುವುದೆಂದರೆ ದೊಡ್ಡ ಕಚೇರಿ, ದೊಡ್ಡ ಸಭೆಗಳೇ ಬೇಕೆಂದೇನಿಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಮಠದ ಜಾತ್ರೆಯನ್ನು ನೋಡಿದವರಿಗೆ ಇದು ಗೊತ್ತು. ಪ್ರತಿ ಜನವರಿಯಲ್ಲಿ ಜರುಗುವ ಈ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಬಂದು ಬೀಳುತ್ತದೆ. ಟ್ರ್ಯಾಕ್ಟರು, ಚಕ್ಕಡಿಗಳಲ್ಲಿ ರೊಟ್ಟಿಯ ಜೊತೆಗೆ ಬೇಳೆ, ಬೆಲ್ಲ, ತರಕಾರಿ, ಮಾದಲಿ ಎಲ್ಲವೂ ಬರುತ್ತವೆ. ದಾಸೋಹ ಒಂದೆರಡು ದಿನದ ಮಾತಲ್ಲ, ಹಲವು ದಿನ ನಡೆಯುತ್ತದೆ. ಬಂದವರ ಕಾರ್ಡು ಕೇಳುವವರಿಲ್ಲ.

ಇದರಲ್ಲಿ ಭಕ್ತಿಯ ಪಾಲು ದೊಡ್ಡದು, ಅದನ್ನು ಯೋಜನೆಯೊಂದಕ್ಕೆ ಎರವಲು ತರಲಾಗದು. ಆದರೆ ಕೆಲಸದ ಪದ್ಧತಿಯಲ್ಲಿ ಕಲಿಯುವಂಥದ್ದು ಇದೆ. ಒಣಗಿಸಿದ ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಆದ್ದರಿಂದ ಎಲ್ಲ ಹಳ್ಳಿಗಳೂ ಒಂದೇ ದಿನ ತಂದು ಸುರಿಯುವ ಪ್ರಮೇಯವಿಲ್ಲ. ಒಂದೊಂದು ಮನೆಯ ಪಾಲು ಚಿಕ್ಕದು. ಮನೆಯ ಹೆಣ್ಣುಮಕ್ಕಳು ಬಿಡುವಿನಲ್ಲಿ ಬಡಿದ ರೊಟ್ಟಿ ಊರಿನಲ್ಲಿ ಕೂಡಿ ಬಂಡಿಯಾಗುತ್ತದೆ. ಕಾಲವೂ ಅನುಕೂಲ, ಮುಂಗಾರಿ ಫಸಲು ಮನೆಗೆ ಬಂದಿರುತ್ತದೆ. ಸಣ್ಣ ಸಣ್ಣ ಪಾಲುಗಳನ್ನು ಊರಿನ ಮಟ್ಟದಲ್ಲಿ ಕೂಡಿಸಿ ಪಟ್ಟಣಕ್ಕೆ ತಲುಪಿಸುವ ಈ ಜಾಣತನ ಜಾತ್ರೆಯ ತಿಂಗಳಿಗೆ ಮಾತ್ರ ಏಕೆ ಮೀಸಲಾಗಬೇಕು? ಜಾತ್ರೆ ಮುಗಿದ ಮೇಲೆ ಬರುವ ಬೇಸಿಗೆಯೇ ಕಷ್ಟದ ಕಾಲ. ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ಉಚಿತ ಊಟ ವಸತಿ ನಡೆಯುತ್ತಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಉಳಿದ ಓಣಿಗಳ ಮಾತೇನು ಎಂಬುದು ನಗರಸಭೆಯ ಚಿಂತೆ.

ಬ್ರೆಜಿಲಿನ ಒಂದು ನಗರ

ದೂರದ ಬ್ರೆಜಿಲ್ ದೇಶದಲ್ಲಿ ಬೆಲೊ ಹೊರಿಜಾಂಟೆ ಎಂಬ ನಗರವಿದೆ. 1993ರಲ್ಲಿ ಅಲ್ಲಿಯ ನಗರಾಡಳಿತವು ಊಟಕ್ಕೆ ಸಂಬಂಧಿಸಿದ ಕೆಲಸಗಳಿಗಾಗಿಯೇ ಒಂದು ವಿಭಾಗವನ್ನು ತೆರೆಯಿತು. ಶಾಲೆಯ ಊಟ, ಅಗ್ಗದ ಭೋಜನಾಲಯ, ನಿಗದಿ ಧಾರಣೆಯ ತರಕಾರಿ ಅಂಗಡಿ, ರೈತರು ನೇರವಾಗಿ ಮಾರುವ ಕಟ್ಟೆ ಎಲ್ಲವೂ ಒಂದೇ ಸೂರಿನಡಿ ಬಂದವು. ನಗರದ ಒಳ್ಳೆಯ ಜಾಗದಲ್ಲಿ ಅಂಗಡಿ ಹಾಕಲು ಪರವಾನಗಿ ಬೇಕಾದ ವ್ಯಾಪಾರಿ ಕೆಲವು ಮುಖ್ಯ ಪದಾರ್ಥಗಳನ್ನು ನಗರಸಭೆ ಗೊತ್ತು ಮಾಡಿದ ಬೆಲೆಗೆ ಮಾರಬೇಕೆಂಬ ನಿಬಂಧನೆ ಹಾಕಿದರು. ಇಷ್ಟಕ್ಕೆ ತಗಲಿದ ವೆಚ್ಚ ನಗರದ ಆಯವ್ಯಯದಲ್ಲಿ ಶೇ. 2ಕ್ಕಿಂತಲೂ ಕಡಿಮೆ. 2009ರಲ್ಲಿ ಆ ದೇಶವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ. 30ರಷ್ಟನ್ನು ಸಣ್ಣ ಹಿಡುವಳಿಯ ರೈತ ಕುಟುಂಬಗಳಿಂದ ಖರೀದಿಸಲು ಬಳಸಬೇಕೆಂದು ಕಾನೂನು ಮಾಡಿತು.

ನಮ್ಮ ನಗರಸಭೆಗಳ ಕೈಯಲ್ಲಿ ಅಷ್ಟು ಅಧಿಕಾರವೂ ಇಲ್ಲ, ಹಣವೂ ಇಲ್ಲ. ಅಲ್ಲಿಯಂತೆ ಇಲ್ಲಿಯೂ ಆಗಲಿ ಎಂದು ಬರೆದರೆ ಅದು ಕಾಗದದಲ್ಲಿಯೇ ಉಳಿದೀತು. ನಮ್ಮಲ್ಲಿಯೂ ಹತ್ತಿರದ ಉದಾಹರಣೆಗಳಿಲ್ಲದಿಲ್ಲ. ಡಾ. ಎಂ. ಎಚ್. ಮರಿಗೌಡರ ಮುಂದಾಳುತನದಲ್ಲಿ 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ್ದು ಇಂದಿನ ಹಾಪ್‌ಕಾಮ್ಸ್. ಒಡಿಶಾದಲ್ಲಿ 2017ರಲ್ಲಿ ಆರಂಭವಾದ ಸಿರಿಧಾನ್ಯ ಕಾರ್ಯಕ್ರಮವು ಗುಡ್ಡಗಾಡಿನ ರೈತರ ರಾಗಿಯನ್ನು ಕೊಂಡು ಪಡಿತರಕ್ಕೂ, ಮುಂದೆ ಕೆಲವು ಜಿಲ್ಲೆಗಳ ಅಂಗನವಾಡಿ ಮಕ್ಕಳಿಗೆ ಉಂಡೆಯಾಗಿಯೂ ತಲುಪಿಸಿತು.

ಹನ್ನೆರಡೂವರೆ ಕಿಲೋ ತರಕಾರಿ

ಈಗ ನಮ್ಮ ಲೆಕ್ಕಕ್ಕೆ ಬರೋಣ. ಬಿಸಿಯೂಟದ ನಿಯಮದಂತೆ ಕೆಳಗಿನ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಮೇಲಿನ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ಅಕ್ಕಿ, ಬೇಳೆ, ಎಣ್ಣೆ ಸರಕಾರದ ಉಗ್ರಾಣದಿಂದ ಬರುತ್ತವೆ. ತರಕಾರಿಯನ್ನು ಮಾತ್ರ ಶಾಲೆಯವರು ಸ್ಥಳೀಯವಾಗಿ ಕೊಳ್ಳುತ್ತಾರೆ. ಎರಡೂ ಬಗೆಯ ನೂರು ನೂರು ಮಕ್ಕಳಿರುವ ಶಾಲೆಗೆ ದಿನಕ್ಕೆ ಹನ್ನೆರಡೂವರೆ ಕಿಲೋ ತರಕಾರಿ ಬೇಕಾಯಿತು. ಇದು ಚಿಲ್ಲರೆ ವ್ಯವಹಾರವೆಂದು ತಳ್ಳಿಹಾಕಬೇಡಿ. ಒಂದು ಪಟ್ಟಣ ಮತ್ತು ಅದರ ಸುತ್ತಿನ ಶಾಲೆಗಳಲ್ಲಿ ಹೀಗೆಯೇ 20 ಸಾವಿರ ಮಕ್ಕಳಿದ್ದಾರೆಂದು ಹಿಡಿದರೆ ದಿನಕ್ಕೆ 1,250 ಕಿಲೋ, 220 ಶಾಲಾ ದಿನಗಳಿಗೆ 275 ಟನ್. ಅಷ್ಟು ಮಾಲಿಗೆ ಜೂನ್‌ನಲ್ಲಿಯೇ ಗಿರಾಕಿ ಗೊತ್ತಿರುವ ಪೇಟೆ ಬೇರೆಲ್ಲಿದೆ?

ಆದರೆ ತೊಡಕೂ ಇದೆ. ರೈತನ ಹತ್ತಿರ ಒಂದೇ ದಿನ ಹತ್ತು ಕ್ವಿಂಟಾಲು ಬದನೆಕಾಯಿ ಇರುತ್ತದೆ. ಶಾಲೆಗೆ ಬೇಕಾದದ್ದು ದಿನವೂ ಹನ್ನೆರಡು ಕಿಲೋ, ಅದೂ ಅಡುಗೆಯವರು ಒಲೆ ಹಚ್ಚುವ ಮೊದಲು, ಮತ್ತು ಒಂದೇ ಬಗೆಯದಲ್ಲ. ಹೀಗಾಗಿ ಅಡುಗೆಯವರು ಪೇಟೆಯ ಅಂಗಡಿಯಿಂದಲೇ ಕೊಳ್ಳುತ್ತಾರೆ. ಅವರದೇನೂ ತಪ್ಪಿಲ್ಲ. ನಡುವೆ ಮಾಲನ್ನು ಕೂಡಿಸಿ, ಬೇರ್ಪಡಿಸಿ, ಶಾಲೆ ಶಾಲೆಗೆ ಮುಟ್ಟಿಸುವವರು ಬೇಕು. ಮಹಿಳಾ ಸ್ವಸಹಾಯ ಸಂಘ ಅಥವಾ ರೈತ ಉತ್ಪಾದಕರ ಸಂಘ ಇದನ್ನು ಮಾಡಬಹುದು. ಹತ್ತು ರೈತರು ಕೂಡಿ ಒಬ್ಬರು ಮೆಂತ್ಯೆ, ರಾಜಗಿರಿ, ಪುಂಡಿ. ಒಬ್ಬರು ಬದನೆ, ಟೊಮೆಟೊ. ಇನ್ನೊಬ್ಬರು ನುಗ್ಗೆ, ಕುಂಬಳ ಎಂದು ಹಂಚಿಕೊಂಡು ಹದಿನೈದು ದಿನಕ್ಕೊಮ್ಮೆ ಮಡಿ ಮಡಿಯಾಗಿ ಬಿತ್ತಿದರೆ ವಾರದ ಆರು ದಿನವೂ ಮಾಲು ಇರುತ್ತದೆ. ಕೊಳವೆ ಬಾವಿಯ ಒಂದೆರಡು ಎಕರೆಯವರಿಗೆ ಇದು ಹೊಂದುವ ಕೆಲಸ. ಧಾರಣೆಯನ್ನು ಮೂರು ತಿಂಗಳಿಗೊಮ್ಮೆ ಗೊತ್ತು ಮಾಡಿಕೊಳ್ಳುವುದು ಲೇಸು. ಪೇಟೆ ಏರಿದ ದಿನ ರೈತ ಕೈಕೊಡಬಾರದು, ಇಳಿದ ದಿನ ಶಾಲೆ ಕೈಬಿಡಬಾರದು. ಹಣ ಪಾವತಿ ತಡವಾಗುವುದುಂಟು, ಆದ್ದರಿಂದ ಸಂಘದ ಕೈಯಲ್ಲಿ ಒಂದು ತಿಂಗಳ ಮಾಲಿನಷ್ಟು ದುಡಿಯುವ ಬಂಡವಾಳ ಇಟ್ಟುಕೊಂಡೇ ಇಳಿಯಬೇಕು.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಪೇಟೆಯಲ್ಲಿ ಯಾರೂ ಕೊಳ್ಳದೆ ಉಳಿದ ಮಾಲನ್ನು ಶಾಲೆಗೋ ದಾಸೋಹಕ್ಕೋ ಸುರಿದು ಬರುವುದು ವ್ಯಾಪಾರವೂ ಅಲ್ಲ, ದಾನವೂ ಅಲ್ಲ. ಧಾರಣೆ ಬಿದ್ದಾಗ ಟೊಮೆಟೊ ರಸ್ತೆಗೆ ಚೆಲ್ಲುವ ಬದಲು ಚೆನ್ನಾಗಿರುವುದನ್ನು ಆರಿಸಿ ಕ್ಯಾಂಟೀನಿಗೆ, ವಿದ್ಯಾರ್ಥಿ ನಿಲಯಕ್ಕೆ ಮುಟ್ಟಿಸುವುದಾದರೆ ಅದು ಒಳ್ಳೆಯದೇ. ಅದಕ್ಕೂ ಹಿಂದಿನ ದಿನವೇ ಹೇಳಿರಬೇಕು.

ಜೋಳದ ವಿಷಯ

2025–26ನೇ ಸಾಲಿಗೆ ಕೇಂದ್ರವು ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ, ಸಂಕರಣ ಜೋಳಕ್ಕೆ 3,699, ಮಾಲ್ದಂಡಿ ಜೋಳಕ್ಕೆ 3,749. ಬೆಲೆ ಚೆನ್ನಾಗಿಯೇ ಇದೆ. ಆದರೆ ಖರೀದಿ ಕೇಂದ್ರ ತೆರೆಯುವುದು ತಡವಾದರೆ ಸಾಲ ತೀರಿಸಬೇಕಾದ ರೈತ ಅಷ್ಟರಲ್ಲಿ ಅಡತಿಯವರಿಗೆ ಮಾರಿಬಿಟ್ಟಿರುತ್ತಾನೆ. ಪಡಿತರದಲ್ಲಿ ಜೋಳ ಹಂಚಬೇಕಾದರೆ ರಾಜ್ಯದಲ್ಲಿಯೇ ಜೋಳ ಖರೀದಿಯಾಗಬೇಕು. ಖರೀದಿ ಕಡಿಮೆಯಾದ ವರ್ಷ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯೊಂದೇ. ದಾಸ್ತಾನು ಕೆಡುವ ಭಯದಿಂದ ಹಿಂದೆ ಇದ್ದ ಬಿಗಿ ಈಗಿಲ್ಲ. 2021ರ ಕೊನೆಯಲ್ಲಿ ಜೋಳವನ್ನು ಹಂಚಿ ಮುಗಿಸುವ ಅವಧಿಯನ್ನು 9 ತಿಂಗಳಿಗೆ, ರಾಗಿಯದನ್ನು 10 ತಿಂಗಳಿಗೆ ಹೆಚ್ಚಿಸಲಾಯಿತು.

ಒಂದು ವಾರ್ಡಿನಲ್ಲಿ ನಾಲ್ಕು ಜನರ 500 ಕಾರ್ಡುಗಳಿವೆ ಎಂದು ಇಟ್ಟುಕೊಳ್ಳಿ. ತಲೆಗೆ 2 ಕಿಲೋ ಜೋಳದಂತೆ ತಿಂಗಳಿಗೆ 40 ಕ್ವಿಂಟಾಲು, ಒಂಬತ್ತು ತಿಂಗಳಿಗೆ 360 ಕ್ವಿಂಟಾಲು. ಒಣಭೂಮಿಯಲ್ಲಿ ಎಕರೆಗೆ 4 ಕ್ವಿಂಟಾಲಿನಂತೆ ಹಿಡಿದರೂ 90 ಎಕರೆ ಜೋಳಕ್ಕೆ ಒಂದೇ ವಾರ್ಡು ಗಿರಾಕಿಯಾಯಿತು. ಖರೀದಿ ಕೇಂದ್ರದಲ್ಲಿ ತೇವಾಂಶ ಶೇ. 14 ಮೀರಿದ ಜೋಳವನ್ನು ಒಪ್ಪುವುದಿಲ್ಲ. ಆದ್ದರಿಂದ ರಾಶಿ ಮಾಡಿದ ಮೇಲೆ ಚೆನ್ನಾಗಿ ಒಣಗಿಸಿ, ಮಳೆಗೆ ಸಿಕ್ಕಿ ಕಪ್ಪಾದ ಕಾಳನ್ನು ಬೇರೆ ಮಾಡಿ ಒಯ್ಯಬೇಕು.

ಒಂದೇ ಬೆಳೆ, ಒಂದೇ ಕಾಲುವೆಯ ಮೇಲೆ ಊಟವನ್ನೆಲ್ಲ ನಿಲ್ಲಿಸಬಾರದೆಂಬುದಕ್ಕೆ ಇನ್ನೊಂದು ಕಾರಣವಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿ ನೀರನ್ನು ಉಳಿಸಿಕೊಂಡದ್ದು ನಮ್ಮ ಪುಣ್ಯ.

ವಾರ್ಡಿಗೊಂದು ಪಟ್ಟಿ

ಇಡೀ ಪಟ್ಟಣದ ಪರೀಕ್ಷೆಗೆ ಕೈಹಾಕುವ ಅಗತ್ಯವಿಲ್ಲ. ಒಂದು ವಾರ್ಡನ್ನು ಆರಿಸಿಕೊಂಡು ನಲವತ್ತು ಮನೆಗಳಿಗೆ ಹೋಗಿ. ಪಕ್ಕಾ ಮನೆಗಳಷ್ಟೇ ಅಲ್ಲ, ಕಟ್ಟಡ ಕೆಲಸದ ಶೆಡ್ಡು, ಬಸ್‌ನಿಲ್ದಾಣದ ಹಿಂದಿನ ಜೋಪಡಿ ಎಲ್ಲವೂ ಅದರಲ್ಲಿರಲಿ. ನಿನ್ನೆ ಯಾರು ಯಾರು ಎಷ್ಟು ಹೊತ್ತು ಉಂಡಿರಿ, ಅದು ಎಲ್ಲಿಂದ ಬಂದಿತು? ವರ್ಷದಲ್ಲಿ ಯಾವ ತಿಂಗಳು ಹೆಚ್ಚು ಕಷ್ಟ? ಯಾವ ಅಂಗಡಿಗೆ, ಯಾವ ಕ್ಯಾಂಟೀನಿಗೆ ಹೋಗಿ ಬರಿಗೈಲಿ ತಿರುಗಿ ಬಂದಿರಿ, ಏಕೆ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರಗಳೇ ಹೆಚ್ಚು ಬೆಲೆಯುಳ್ಳವು. ಬೆರಳಚ್ಚು ಹೊಂದಲಿಲ್ಲ, ಕೂಲಿ ಬಿಟ್ಟು ಬಂದ ದಿನ ಅಂಗಡಿ ಮುಚ್ಚಿತ್ತು, ತುಂಬಿದ ಬಸುರಿಗೆ ಅಂಗನವಾಡಿಯವರೆಗೆ ನಡೆಯಲಾಗಲಿಲ್ಲ ಎಂಬಂಥವು ಯಾವ ಎತ್ತುವಳಿ ಪಟ್ಟಿಯಲ್ಲಿಯೂ ಬರೆದಿರುವುದಿಲ್ಲ.

ಬಂದ ಉತ್ತರಗಳನ್ನು ಒಂದು ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳ ಮನೆಗಳನ್ನು ಗೆರೆ ಹಾಕಿ ತುಂಬಬೇಕು. ಒಂದು ಸಾಲು ಬಿಸಿಯೂಟಕ್ಕೆ, ಒಂದು ಪಡಿತರಕ್ಕೆ, ಒಂದು ಅಂಗನವಾಡಿಗೆ, ಒಂದು ಕ್ಯಾಂಟೀನಿಗೆ, ಒಂದು ದಾಸೋಹಕ್ಕೆ. ಕೆಳಗೆ ಸುತ್ತಲಿನ ಹಳ್ಳಿಗಳಲ್ಲಿ ಯಾವ ತಿಂಗಳು ಯಾವ ಫಸಲು ಬರುತ್ತದೆ ಎಂದು ಇನ್ನೊಂದು ಸಾಲು. ಖಾಲಿ ಉಳಿದ ಮನೆಗಳು ಕಣ್ಣಿಗೆ ಬೀಳುತ್ತವೆ. ಒಂದು ವರ್ಷ ಬಿಟ್ಟು ಅದೇ ನಲವತ್ತು ಮನೆಗಳನ್ನು ಅದೇ ತಿಂಗಳಿನಲ್ಲಿಯೇ ಕೇಳಬೇಕು. ಮೊದಲ ಸಲ ಮೇ ತಿಂಗಳಲ್ಲಿ ಕೇಳಿ ಎರಡನೆಯ ಸಲ ಸುಗ್ಗಿಯಲ್ಲಿ ಕೇಳಿದರೆ ಯಾವ ಯೋಜನೆಯಾದರೂ ಯಶಸ್ವಿಯಾಗಿಯೇ ಕಾಣುತ್ತದೆ.

ಈ ಹಾಳೆಯನ್ನು ಮುಂದಿಟ್ಟು ಕೂರಬೇಕಾದವರು ನಗರಸಭೆ ಸದಸ್ಯರು, ಆಹಾರ ನಿರೀಕ್ಷಕರು, ತಾಲ್ಲೂಕು ಪಂಚಾಯತಿಯ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರು, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಮಠದ ದಾಸೋಹ ನೋಡಿಕೊಳ್ಳುವವರು ಮತ್ತು ಹತ್ತಿರದ ರೈತ ಸಂಘಗಳ ಇಬ್ಬರು ಮೂವರು. ಇದು ಅಪರೂಪದ ಬೇಡಿಕೆಯೇನೂ ಅಲ್ಲ. ಆಹಾರ ಭದ್ರತಾ ಕಾಯಿದೆಯ 28ನೇ ಕಲಮು ನ್ಯಾಯಬೆಲೆ ಅಂಗಡಿ ಮೊದಲಾದವುಗಳ ಸಾಮಾಜಿಕ ಲೆಕ್ಕಪರಿಶೋಧನೆ ಮಾಡಬೇಕೆನ್ನುತ್ತದೆ; 29ನೇ ಕಲಮು ರಾಜ್ಯ, ಜಿಲ್ಲೆ, ತಾಲ್ಲೂಕು ಮತ್ತು ಅಂಗಡಿ ಮಟ್ಟದಲ್ಲಿ ಜಾಗೃತ ಸಮಿತಿಗಳಿರಬೇಕೆನ್ನುತ್ತದೆ. ಸಮಿತಿ ಇದೆಯೇ, ಕಳೆದ ವರ್ಷ ಎಷ್ಟು ಸಲ ಸೇರಿತು ಎಂದು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಸಮಿತಿಯ ಸಭೆಗಳಲ್ಲಿ ಹಾಳೆಯನ್ನು ಗೋಡೆಗೆ ಅಂಟಿಸಿ ಮಾತು ಆರಂಭಿಸಿದರೆ ಆರೋಪ ಪ್ರತ್ಯಾರೋಪಗಳಲ್ಲಿ ಹೊತ್ತು ಹೋಗುವುದು ಕಡಿಮೆಯಾಗುತ್ತದೆ.

ಶಾಲೆಗಳಿಗೆ ತರಕಾರಿ ಒದಗಿಸಲು ಇಚ್ಛಿಸುವ ಸಂಘಗಳು ಮೇ ತಿಂಗಳ ಮೊದಲ ವಾರದೊಳಗೆ ಮುಖ್ಯೋಪಾಧ್ಯಾಯರನ್ನೂ ಶಾಲಾಭಿವೃದ್ಧಿ ಸಮಿತಿಯವರನ್ನೂ ಕಂಡು ಮಾತನಾಡಿಕೊಳ್ಳಬೇಕು. ಸೊಪ್ಪಿನ ಬೆಳೆಗಳು ಬಿತ್ತಿದ 25–30 ದಿನಗಳಲ್ಲಿ ಕೊಯ್ಲಿಗೆ ಬರುವುದರಿಂದ ಮೊದಲ ಮಡಿಯನ್ನು ಮೇ ಎರಡನೆಯ ವಾರ ಬಿತ್ತಿದರೆ ಶಾಲೆ ಆರಂಭವಾದ ಕೆಲವೇ ದಿನಗಳಲ್ಲಿ ಮಾಲು ಕೈಗೆ ಸಿಗುತ್ತದೆ. ಬದನೆ, ಟೊಮೆಟೊ ಸಸಿಮಡಿಯನ್ನು ಏಪ್ರಿಲ್ ಕೊನೆಯಲ್ಲಿಯೇ ಹಾಕಿಕೊಂಡಿರಬೇಕು. ತಳಿಗಳ ಆಯ್ಕೆ, ಬೀಜೋಪಚಾರ ಮತ್ತು ಜೋಳದ ಶೇಖರಣೆಯ ಬಗ್ಗೆ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.